ಹೊಸ ಕಾರು ಕೆಟ್ಟರೆ: ವಾರಂಟಿ 3 ವರ್ಷ, ಕಾನೂನಿನ ಗಡಿಯಾರ 2 ವರ್ಷ

ಮನೆ ದೊಡ್ಡಬಳ್ಳಾಪುರ, ಕೆಲಸ ಬೆಂಗಳೂರು. ಸಾಲ ಮಾಡಿ 12 ಲಕ್ಷದ ಕಾರು ತಗೊಂಡಿದ್ದೀರಿ ಅಂದುಕೊಳ್ಳಿ. ಎರಡನೇ ತಿಂಗಳಿಗೇ ಗೇರ್‌ಬಾಕ್ಸ್‌ನಿಂದ ಸದ್ದು. ಸರ್ವೀಸ್ ಸೆಂಟರ್‌ನವರು ‘ನಾರ್ಮಲ್ ಸರ್, ಓಡಿಸ್ತಾ ಸರಿಹೋಗುತ್ತೆ’ ಅಂತಾರೆ. ಮೂರನೇ ಸಲ ಹೋದರೆ ಸಾಫ್ಟ್‌ವೇರ್ ಅಪ್‌ಡೇಟ್. ಐದನೇ ಸಲ ‘ಕಂಪನಿಗೆ ಮೇಲ್ ಹಾಕಿದ್ದೀವಿ’. ಕಾರು ನಿಂತರೂ ಇಎಂಐ ನಿಲ್ಲಲ್ಲ.

ಆಗ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: ‘ಬೇರೆ ಕಾರು ಕೊಡಿ, ಇಲ್ಲಾಂದ್ರೆ ದುಡ್ಡು ವಾಪಸ್ ಕೊಡಿ.’ ಕಾನೂನು ಇದಕ್ಕೆ ಒಪ್ಪುತ್ತಾ?

ಒಪ್ಪುತ್ತೆ, ಆದರೆ ಸುಲಭವಾಗಿ ಅಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 39ನೇ ಸೆಕ್ಷನ್ ಪ್ರಕಾರ ದೋಷ ಸರಿಪಡಿಸಲು, ವಸ್ತು ಬದಲಿಸಿಕೊಡಲು, ಹಣ ಹಿಂದಿರುಗಿಸಲು, ಪರಿಹಾರ ಕೊಡಲು ಗ್ರಾಹಕ ಆಯೋಗ ಆದೇಶಿಸಬಹುದು. ಈ ನಾಲ್ಕರಲ್ಲಿ ನಿಮಗೆ ಯಾವುದು ಸಿಗುತ್ತೆ ಅನ್ನೋದು ನಿಮ್ಮ ಕೈಯಲ್ಲಿರುವ ಸಾಕ್ಷ್ಯದ ಮೇಲೆ ನಿಂತಿದೆ.

ಸುಪ್ರೀಂ ಕೋರ್ಟ್‌ನ ಮೂರು ತೀರ್ಪುಗಳನ್ನು ನೋಡಿ. 2006ರಲ್ಲಿ ಮಾರುತಿ ಕಾರೊಂದರ ಪ್ರಕರಣದಲ್ಲಿ ಕೋರ್ಟ್ ಕಂಪನಿಯ ವಾದ ಒಪ್ಪಿತು: ವಾರಂಟಿಯಲ್ಲಿ ಇರೋದು ಕೆಟ್ಟ ಭಾಗ ಬದಲಿಸುವ ಭರವಸೆ, ಹಾಗಾಗಿ ಇಡೀ ಕಾರು ಬದಲಿಸಿ ಅನ್ನೋದು ಸರಿಯಲ್ಲ. 2010ರಲ್ಲಿ ಫಿಯೆಟ್ ಕಾರಿನ ಪ್ರಕರಣ ಬಂದಾಗ ಕೋರ್ಟ್ ಸ್ವತಂತ್ರ ತಾಂತ್ರಿಕ ತಜ್ಞರ ಪರೀಕ್ಷೆಯ ದಾರಿ ಹಿಡಿಯಿತು. ತಯಾರಿಕೆಯಲ್ಲೇ ದೋಷ ಇದೆ ಎಂದು ತಜ್ಞರು ಹೇಳಿದರೆ ಕಾರಿನ ಬೆಲೆ, ಲೈಫ್‌ಟೈಮ್ ಟ್ಯಾಕ್ಸ್ ಎಲ್ಲವೂ ಬಡ್ಡಿ ಸಮೇತ ವಾಪಸ್ ಎಂದಿತು.

2022ರ ಹುಂಡೈ ಕ್ರೆಟಾ ಪ್ರಕರಣ ಇನ್ನೂ ಮುಖ್ಯ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ. ಅದು ತೆರೆಯುವಷ್ಟು ಬಲದ ಡಿಕ್ಕಿ ಆಗಿರಲಿಲ್ಲ ಎಂದು ಕಂಪನಿ ವಾದಿಸಿತು. ವೇಗ, ಬಲದ ಸಿದ್ಧಾಂತ ಹಿಡಿದು ಡಿಕ್ಕಿಯ ಲೆಕ್ಕ ಹಾಕೋಕೆ ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಅನ್ನೋ ಅರ್ಥದಲ್ಲಿ ಕೋರ್ಟ್ ಉತ್ತರಿಸಿತು. ಕಾರು ಬದಲಿಸಿಕೊಡಬೇಕೆಂಬ ಆದೇಶವನ್ನೂ ಎತ್ತಿಹಿಡಿಯಿತು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೂ ಆ ಲೆಕ್ಕ ಮನೆಯಲ್ಲಿ ಕೂತು ಹಾಕೋಕೆ ಬರಲ್ಲ. ಅದಕ್ಕೆ ಬೇಕಾದ ಡೇಟಾ ಇರೋದು ಕಂಪನಿ ಹತ್ತಿರ.

ಆದರೆ ಎಲ್ಲ ದೋಷವೂ ಏರ್‌ಬ್ಯಾಗ್‌ನಷ್ಟು ಎದ್ದು ಕಾಣಲ್ಲ. ಸದ್ದು, ಎಳೆತ ಇಲ್ಲದಿರೋದು, ಆಗಾಗ ಎಂಜಿನ್ ಆಫ್ ಆಗೋದು ಇಂಥವಕ್ಕೆ ತಜ್ಞರ ವರದಿ ಬೇಕೇ ಬೇಕಾಗುತ್ತೆ. 38ನೇ ಸೆಕ್ಷನ್ ಅಡಿ ಆಯೋಗವೇ ಪರೀಕ್ಷೆಗೆ ಕಳಿಸಬಹುದು. ಆದರೆ ಪರೀಕ್ಷೆಯ ಶುಲ್ಕವನ್ನು ಮೊದಲು ಕಟ್ಟಿ ಎಂದು ದೂರುದಾರರಿಗೇ ಹೇಳಬಹುದು. ವರದಿ ಇಲ್ಲದಿದ್ದರೆ ಕೇಸು ಸಾಮಾನ್ಯವಾಗಿ ‘ಸೇವಾ ನ್ಯೂನತೆ’ಗೆ ಇಳಿಯುತ್ತೆ: ಸ್ವಲ್ಪ ಪರಿಹಾರ ಸಿಗುತ್ತೆ, ಅದೇ ಕಾರು ಉಳಿಯುತ್ತೆ.

ಅದಕ್ಕೇ ಈ ಜಗಳ ಶುರುವಾಗೋದು ಸರ್ವೀಸ್ ಸೆಂಟರ್‌ನ ಜಾಬ್ ಕಾರ್ಡ್‌ನಲ್ಲಿ. ನೀವು ‘ಮೂರನೇ ಗೇರ್‌ನಲ್ಲಿ ಸದ್ದು’ ಅಂತೀರಿ, ಅಲ್ಲಿ ‘ಜನರಲ್ ಚೆಕಪ್’ ಅಂತ ಬರೀತಾರೆ. ಸಹಿ ಹಾಕುವ ಮುಂಚೆ ನಿಮ್ಮ ಮಾತಲ್ಲೇ ದೂರು ಬರೆಸಿ. ಕಾರು ಬಿಟ್ಟ ದಿನ, ವಾಪಸ್ ಪಡೆದ ದಿನ, ಕಿಲೋಮೀಟರ್ ಮೂರೂ ಇರಲಿ. ಸದ್ದಿನ ವಿಡಿಯೋ ಮಾಡಿ. ಫೋನಿನಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲೂ ಹಾಕಿ.

ಇಷ್ಟಕ್ಕಿಂತ ದೊಡ್ಡ ಬಲೆ ಸಮಯದ್ದು. ಹಲವು ಕಂಪನಿಗಳು ಈಗ 3 ವರ್ಷ ವಾರಂಟಿ ಕೊಡುತ್ತವೆ. ಆದರೆ 69ನೇ ಸೆಕ್ಷನ್ ಪ್ರಕಾರ ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ದಾಖಲಾಗಬೇಕು. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬೇಕು. ‘ಇನ್ನೂ ವಾರಂಟಿ ಇದೆಯಲ್ಲ ಸರ್’ ಅನ್ನೋ ಸಮಾಧಾನ ನಂಬಿ ಕೂತರೆ ಕಳೆದುಹೋಗೋದು ನಿಮ್ಮ ಸಮಯ.

ಎಲ್ಲಿ ದೂರು ಕೊಡೋದು? ಶೋರೂಮ್ ಎಲ್ಲೇ ಇರಲಿ, ನೀವು ವಾಸ ಇರುವ ಜಾಗದ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಇದು 2019ರ ಕಾಯ್ದೆ ಕೊಟ್ಟ ಅನುಕೂಲ. ನೆಲಮಂಗಲ, ಹೊಸಕೋಟೆಯವರಿಗೆ ಅದು ಬೆಂಗಳೂರು ಗ್ರಾಮಾಂತರದ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5ರಿಂದ 10 ಲಕ್ಷದ ಕಾರಿಗೆ ಶುಲ್ಕ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ದೂರು ಹಾಕಬಹುದು. ಅದಕ್ಕೂ ಮುಂಚೆ ರಾಜಿಗೆ ಪ್ರಯತ್ನಿಸೋದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ದೂರಿನಲ್ಲಿ ಡೀಲರ್, ಕಂಪನಿ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಡೀಲರ್ ಮಾಡಿದ ಮೋಸಕ್ಕೆ ಕಂಪನಿ ತಾನಾಗೇ ಹೊಣೆಯಾಗಲ್ಲ ಎಂದು 2021ರಲ್ಲಿ ಟಾಟಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದೇವನಹಳ್ಳಿ ಏರ್‌ಪೋರ್ಟ್‌ಗೆ ಕ್ಯಾಬ್ ಓಡಿಸುವವರಿಗೆ ಒಂದು ಮಾತು. ‘ಯೆಲ್ಲೋ ಬೋರ್ಡ್ ಅಂದ್ರೆ ವ್ಯಾಪಾರ, ನೀವು ಗ್ರಾಹಕರಲ್ಲ’ ಅಂತ ಹೆದರಿಸಿದರೆ ನಂಬಬೇಡಿ. ಸ್ವಂತ ದುಡಿಮೆಯ ಜೀವನೋಪಾಯಕ್ಕೇ ಕೊಂಡಿದ್ದರೆ ನೀವೂ ಗ್ರಾಹಕರೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಇದೆ. ಎಷ್ಟು ಸಲ ರಿಪೇರಿ ಆದ ಮೇಲೆ ಕಾರನ್ನು ‘ಕೆಟ್ಟ ಕಾರು’ ಅನ್ನಬೇಕು? ನಮ್ಮ ಕಾನೂನಲ್ಲಿ ಸಂಖ್ಯೆ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೆ. ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ 4 ಸಲ ರಿಪೇರಿ ಆಗಿದ್ದರೆ, ಪ್ರಾಣಾಪಾಯದ ದೋಷಕ್ಕೆ 2 ಸಲ ಆಗಿದ್ದರೆ, ಅಥವಾ ಒಟ್ಟು 30 ದಿನಕ್ಕಿಂತ ಹೆಚ್ಚು ಕಾರು ವರ್ಕ್‌ಶಾಪಿನಲ್ಲೇ ಇದ್ದರೆ, ರಿಪೇರಿಗೆ ಸಾಕಷ್ಟು ಅವಕಾಶ ಕೊಟ್ಟಾಯಿತು ಎಂದೇ ಅಲ್ಲಿನ ಕಾನೂನು ಭಾವಿಸುತ್ತೆ. ಅಲ್ಲ ಎಂದು ಸಾಬೀತು ಮಾಡೋ ಹೊರೆ ಕಂಪನಿಯದ್ದು. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ರೀಕಾಲ್ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ ನಿಜ. ಆದರೆ ಅದು ಒಂದೇ ಮಾದರಿಯ ಅನೇಕ ವಾಹನಗಳು ಕೆಟ್ಟಾಗ. ನಿಮ್ಮದೊಂದೇ ಕಾರು ಕೆಟ್ಟಿದ್ದರೆ ನೀವು ಒಬ್ಬರೇ.

ಗ್ರಾಹಕ ಕಾಯ್ದೆಗೆ ಇಂಥದ್ದೊಂದು ಸಂಖ್ಯೆ ಸೇರಿಸಿ ಅಂತ ನಾವು ನಮ್ಮ ಸಂಸದರನ್ನು ಕೇಳಬೇಕು. ಅದು ಬರುವ ತನಕ ಸಂಖ್ಯೆಯ ಲೆಕ್ಕ ನೀವೇ ಇಡಿ: ಎಷ್ಟು ಸಲ ಹೋದಿರಿ, ಎಷ್ಟು ದಿನ ಕಾರಿಲ್ಲದೆ ಇದ್ದಿರಿ, ಆ 2 ವರ್ಷದಲ್ಲಿ ಇನ್ನೆಷ್ಟು ತಿಂಗಳು ಉಳಿದಿದೆ.