ಅರ್ಧ ಲೀಟರ್ ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮವೇ?

ಮುಂಗಾರು ಹಿಡಿದು ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂತೆಂದರೆ ಮೇಲುಗೊಬ್ಬರದ ಚಿಂತೆ ಶುರು. ಯೂರಿಯಾಕ್ಕಾಗಿ ಗೊಬ್ಬರದಂಗಡಿ ಮುಂದೆ ಸಾಲು ಬೆಳೆಯುವ ಹೊತ್ತಿಗೇ ವಾಟ್ಸಾಪ್ ಗುಂಪುಗಳಲ್ಲಿ ಸಂದೇಶವೂ ಓಡಾಡುತ್ತದೆ: ಅರ್ಧ ಲೀಟರ್ ನ್ಯಾನೊ ಯೂರಿಯಾ ಸಿಂಪಡಿಸಿದರೆ 45 ಕೆಜಿ ಚೀಲ ಬೇಕಾಗಿಲ್ಲ, ಎಲ್ಲ ರೈತರಿಗೂ ತಲುಪಿಸಿ. ಅದರ ಬೆನ್ನಿಗೇ ಇನ್ನೊಂದು: ಅದು ಬರೀ ನೀರು, ಕೊಳ್ಳಬೇಡಿ.

ಎರಡರಲ್ಲಿ ಯಾವುದನ್ನು ಫಾರ್ವರ್ಡ್ ಮಾಡುವ ಮುನ್ನವೂ ಒಂದು ಚಿಕ್ಕ ಲೆಕ್ಕ ಮಾಡೋಣ. ತಪ್ಪಿದರೆ ನಷ್ಟವಾಗುವುದು ಸಂದೇಶ ಕಳಿಸಿದವರಿಗಲ್ಲ, ಅದನ್ನು ನಂಬಿ ಗೊಬ್ಬರ ಬಿಟ್ಟ ರೈತನಿಗೆ.

ಬಾಟಲಿಯಲ್ಲಿ ಇರುವುದೆಷ್ಟು?

ಯೂರಿಯಾದಿಂದ ಬೆಳೆಗೆ ಸಿಗುವುದು ಸಾರಜನಕ. ಚೀಲದ ಯೂರಿಯಾದಲ್ಲಿ ಅದರ ಪಾಲು ಶೇ 46. ಅಂದರೆ 45 ಕೆಜಿ ಚೀಲದಲ್ಲಿ ಸುಮಾರು 20.7 ಕೆಜಿ ಸಾರಜನಕ. ಇಫ್ಕೊ ಸಂಸ್ಥೆ 2021ರಲ್ಲಿ ಮಾರುಕಟ್ಟೆಗೆ ತಂದ ನ್ಯಾನೊ ಯೂರಿಯಾದಲ್ಲಿ ಅದು ಶೇ 4. ಅರ್ಧ ಲೀಟರಿಗೆ 20 ಗ್ರಾಂ. ಆಮೇಲೆ ಬಂದ ‘ಪ್ಲಸ್’ ಬಾಟಲಿಯಲ್ಲಿ ಶೇ 20, ಅಂದರೆ 100 ಗ್ರಾಂ. ಒಂದು ಕಡೆ ಕಿಲೋ, ಇನ್ನೊಂದು ಕಡೆ ಗ್ರಾಂ.

‘ಮಣ್ಣಿಗೆ ಹಾಕಿದ ಯೂರಿಯಾ ಪೋಲಾಗುತ್ತದೆ, ಎಲೆಗೆ ಕೊಟ್ಟಿದ್ದು ಪೂರ್ತಿ ಸಿಗುತ್ತದೆ’ ಎಂಬ ವಾದವಿದೆ. ಪೋಲಾಗುವುದು ನಿಜ. ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ನೀರಿನ ಜೊತೆ ಬಸಿದು ಹೋಗುತ್ತದೆ. ಹಾಗಾಗಿ ಚೀಲದಲ್ಲಿ ಮೂರನೇ ಒಂದು ಪಾಲು ಮಾತ್ರ ಬೆಳೆಗೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗಲೂ ಅದು ಸುಮಾರು 7 ಕೆಜಿ. ಬಾಟಲಿಯದು ಒಂದು ಹನಿಯೂ ಪೋಲಾಗದೆ ಸಿಕ್ಕರೂ 20 ಗ್ರಾಂ, ಇಲ್ಲವೇ 100 ಗ್ರಾಂ. ಕಣ ಎಷ್ಟೇ ಸಣ್ಣದಾಗಲಿ, ತೂಕ ಹೆಚ್ಚುವುದಿಲ್ಲ.

ಬೆಳೆಯ ಕಡೆಯಿಂದಲೂ ನೋಡಬಹುದು. ಒಂದು ಕ್ವಿಂಟಾಲ್ ಮೆಕ್ಕೆಜೋಳದ ಕಾಳಿನಲ್ಲೇ ಒಂದೂವರೆ ಕೆಜಿಯ ಆಸುಪಾಸು ಸಾರಜನಕ ಇರುತ್ತದೆ. ಆ ಲೆಕ್ಕದಲ್ಲಿ 20 ಗ್ರಾಂ ಸಾಕಾಗುವುದು ಸುಮಾರು 1.3 ಕೆಜಿ ಕಾಳಿಗೆ. ಎಕರೆಗೆ ಬರುವ ಕ್ವಿಂಟಾಲುಗಟ್ಟಲೆ ಕಾಳಿಗೆ ಉಳಿದದ್ದು ಮಣ್ಣಿನಿಂದಲೇ ಬರಬೇಕು.

ಹೊಲದಲ್ಲಿ ಏನಾಯಿತು?

ಯೂರಿಯಾ ಕಡಿಮೆ ಮಾಡಿ ನ್ಯಾನೊ ಯೂರಿಯಾ ಸಿಂಪಡಿಸುವ ಪದ್ಧತಿಯನ್ನು ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎರಡು ವರ್ಷ ಪರೀಕ್ಷಿಸಿದರು. ಶಿಫಾರಸಿನಷ್ಟು ಯೂರಿಯಾ ಕೊಟ್ಟ ತಾಕುಗಳಿಗೆ ಹೋಲಿಸಿದರೆ ಭತ್ತದ ಇಳುವರಿ ಸುಮಾರು ಶೇ 13, ಗೋಧಿಯದು ಸುಮಾರು ಶೇ 21ರಷ್ಟು ಇಳಿದಿತ್ತು. ಕಾಳಿನಲ್ಲಿ ಸಾರಜನಕವೂ ತಗ್ಗಿತ್ತು. ಅಂದರೆ ಪ್ರೋಟೀನ್ ಕಡಿಮೆ. ತನ್ನ ಪ್ರಯೋಗಗಳಲ್ಲಿ ಇಳುವರಿ ಹೆಚ್ಚಿದೆ ಎಂದು ಕಂಪನಿ ಹೇಳುತ್ತದೆ.

‘ನಮ್ಮ ಹೊಲದಲ್ಲಿ ಯೂರಿಯಾ ಬಿಟ್ಟು ಬಾಟಲಿ ಹೊಡೆದೆವು, ಬೆಳೆ ಚೆನ್ನಾಗೇ ಬಂತು’ ಎನ್ನುವವರೂ ಸುಳ್ಳು ಹೇಳುತ್ತಿಲ್ಲ. ಕೊಟ್ಟಿಗೆ ಗೊಬ್ಬರ, ಹಿಂದಿನ ದ್ವಿದಳ ಬೆಳೆ, ಹೋದ ವರ್ಷದ ಉಳಿಕೆ ಇವೆಲ್ಲ ಮಣ್ಣಿನಲ್ಲಿ ಕೂಡಿಟ್ಟ ಗಂಟು. ಒಂದು ಹಂಗಾಮು ಬೆಳೆ ಅದನ್ನು ಕರಗಿಸಿ ತಿನ್ನಬಹುದು, ಹೆಸರು ಮಾತ್ರ ಬಾಟಲಿಗೆ ಬರುತ್ತದೆ.

ಹಾಗಾದರೆ ಹೊಸತನ್ನು ಮುಟ್ಟಲೇಬಾರದೇ?

ಹಾಗಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ 1928ರ ಹೊತ್ತಿಗೆ ಹೈಬ್ರಿಡ್ ಮೆಕ್ಕೆಜೋಳದ ಬೀಜ ಬಂತು. ರೈತರು ಅದನ್ನು ಹೇಗೆ ಒಪ್ಪಿಕೊಂಡರು ಎಂದು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜವಿಜ್ಞಾನಿಗಳು 259 ರೈತರನ್ನು ಮಾತಾಡಿಸಿ 1943ರಲ್ಲಿ ವರದಿ ಪ್ರಕಟಿಸಿದರು. ಸಂವಹನ ಓದಿದ ನಮ್ಮಂಥವರಿಗೆ ಇದು ಮೊದಲ ಪಾಠಗಳಲ್ಲೊಂದು. ಬೀಜ ನಿಜಕ್ಕೂ ಒಳ್ಳೆಯದಿತ್ತು. ಇಬ್ಬರನ್ನು ಬಿಟ್ಟು ಎಲ್ಲರೂ ಕೊನೆಗೆ ಅದಕ್ಕೆ ಬದಲಾದರು. ಆದರೆ ಕೇಳಿದ ಕೂಡಲೇ ಹೊಲವನ್ನೆಲ್ಲ ಬದಲಾಯಿಸಲಿಲ್ಲ. ಮೊದಲು ಚಿಕ್ಕ ಜಾಗದಲ್ಲಿ ಬಿತ್ತಿ ನೋಡಿ, ವರ್ಷ ವರ್ಷ ಹೆಚ್ಚಿಸುತ್ತಾ ಹೋದರು. ನಿಧಾನಿಸುವ ರೈತನನ್ನು ‘ತಿಳಿವಳಿಕೆ ಇಲ್ಲದವನು’ ಎನ್ನುವುದು ಸುಲಭ. ಅವನು ಪರೀಕ್ಷೆ ಮಾಡುತ್ತಿದ್ದಾನೆ, ಅಷ್ಟೇ.

ನಿಮ್ಮ ಹೊಲದಲ್ಲೇ ನೋಡುವುದು ಹೇಗೆ?

ಒಂದೇ ತಳಿ, ಒಂದೇ ದಿನ ಬಿತ್ತಿದ ಜಾಗದಲ್ಲಿ ಸಮ ಅಳತೆಯ ಮೂರು ಪಟ್ಟಿ ಗುರುತು ಮಾಡಿ.

ಮೊದಲನೆಯದಕ್ಕೆ ಶಿಫಾರಸಿನ ಪೂರ್ತಿ ಯೂರಿಯಾ.
ಎರಡನೆಯದಕ್ಕೆ ಅರ್ಧ ಯೂರಿಯಾ ಮಾತ್ರ.
ಮೂರನೆಯದಕ್ಕೆ ಅರ್ಧ ಯೂರಿಯಾ, ಜೊತೆಗೆ ಬಾಟಲಿಯ ಮೇಲೆ ಬರೆದಂತೆ ಸಿಂಪಡಣೆ.

ಬಿತ್ತುವಾಗಿನ ಗೊಬ್ಬರ ಮೂರಕ್ಕೂ ಒಂದೇ ಇರಲಿ. ಎಲೆಯ ಹಸಿರು ನೋಡಿ ತೀರ್ಮಾನಿಸಬೇಡಿ. ಕೊಯ್ಲಾದ ಮೇಲೆ ಮೂರರ ಕಾಳನ್ನೂ ಬೇರೆ ಬೇರೆ ತೂಗಿ. ಎರಡನೆಯದೂ ಮೂರನೆಯದೂ ಒಂದೇ ಬಂದರೆ ಬಾಟಲಿ ಏನೂ ಮಾಡಿಲ್ಲ. ಮೂರನೆಯದು ಹೆಚ್ಚು ಬಂದರೆ, ಹೆಚ್ಚಿದ ಕಾಳಿನ ಬೆಲೆ ಬಾಟಲಿ ಮತ್ತು ಸಿಂಪಡಣೆ ಕೂಲಿಯನ್ನು ಮೀರಿದೆಯೇ ನೋಡಿ. ಅದೇ ಪಟ್ಟಿಗಳಲ್ಲಿ ಇನ್ನೊಂದು ಹಂಗಾಮು ಮಾಡಿದರೆ ಮಣ್ಣಿನ ಗಂಟು ಕರಗಿದ ಮೇಲಿನ ಕಥೆಯೂ ತಿಳಿಯುತ್ತದೆ. ಮೂರನ್ನೂ ಚಿಕ್ಕದಾಗಿ ಮಾಡಿದರೆ ಸಾಕು. ತಪ್ಪಾದರೂ ನಷ್ಟ ಕೆಲವು ಸೇರು ಕಾಳು.

ಒಟ್ಟಿನಲ್ಲಿ, ‘ಒಂದು ಬಾಟಲಿ ಒಂದು ಚೀಲಕ್ಕೆ ಸಮ’ ಎಂಬುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ‘ಬರೀ ನೀರು’ ಎಂಬುದೂ ಸರಿಯಲ್ಲ. ಅದರಲ್ಲಿ ಸಾರಜನಕ ಇದೆ, ಇರುವುದು ಗ್ರಾಂ ಲೆಕ್ಕದಲ್ಲಿ. ಮುಂದಿನ ಸಲ ಆ ಸಂದೇಶ ಬಂದರೆ ಈ ಮೂರು ಪಟ್ಟಿಯ ಲೆಕ್ಕವನ್ನೂ ಜೊತೆಗೆ ಕಳಿಸಿ.