ಕ್ಯಾಟ್ ಎರಡನೇ ಸಲ ಬರೆದರೆ ಪರ್ಸೆಂಟೈಲ್ ತಾನಾಗಿಯೇ ಏರುತ್ತದೆಯೇ?

ಕಳೆದ ವಾರ ಚಿಕ್ಕಮ್ಮ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದರು. ಅದರ ಕೆಳಗೆ ಒಂದು ಸಾಲು: "ಇದು ನಿಜಾನಾ ನೋಡೇ ಪುಟ್ಟಿ, ಇವನು ಕೆಲಸ ಬಿಡ್ತೀನಿ ಅಂತ ಕೂತಿದಾನೆ."

ಇವನು ಎಂದರೆ ಅವರ ಮಗ, ನನ್ನ ತಮ್ಮ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಐಐಎಂಗಳಲ್ಲಿ ಎಂಬಿಎ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯನ್ನು 2024ರ ನವೆಂಬರ್ 24ರಂದು ಮೊದಲ ಸಲ ಬರೆದ. 84 ಪರ್ಸೆಂಟೈಲ್ ಬಂತು. ಅವನಿಗೆ ಬೇಕಾಗಿದ್ದ ಕಾಲೇಜುಗಳಿಗೆ ಅದು ಸಾಲಲಿಲ್ಲ.

ಫಾರ್ವರ್ಡ್‌ನಲ್ಲಿ ಇದ್ದದ್ದು ಇಷ್ಟು: ಎರಡನೇ ಸಲ ಬರೆದವರ ಪರ್ಸೆಂಟೈಲ್ ಏರಿಯೇ ಏರುತ್ತದೆ. ಆದರೆ ಎಷ್ಟು ಸಲ ಬರೆದಿದ್ದೀರಿ ಎಂದು ನೋಡಿ ಐಐಎಂಗಳು ಅಂಕ ಕಡಿಮೆ ಮಾಡುತ್ತವೆ, ಆದ್ದರಿಂದ ಇದೇ ಕೊನೆಯ ಅವಕಾಶ. ಕೆಲಸ ಬಿಟ್ಟು ದಿನಕ್ಕೆ 10 ಗಂಟೆ ಓದಿ. ಕೊನೆಯಲ್ಲಿ ರಿಪೀಟರ್ ಬ್ಯಾಚ್‌ನ ಫೋನ್ ನಂಬರ್.

ಎರಡನೇ ಮಾತು ಪೂರ್ತಿ ಸುಳ್ಳು, ಅದನ್ನು ಮೊದಲೇ ಮುಗಿಸೋಣ. ಕ್ಯಾಟ್ ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿಯಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಪರ್ಸೆಂಟೈಲ್ ಲೆಕ್ಕ ಹಾಕುವ ಸೂತ್ರದಲ್ಲಿ ಹಿಂದಿನ ವರ್ಷದ ಅಂಕಕ್ಕೆ ಜಾಗವೇ ಇಲ್ಲ. 2024ರ ಅಂಕಕ್ಕೆ ಮಾನ್ಯತೆ 2025ರ ಡಿಸೆಂಬರ್ 31ರವರೆಗೆ ಮಾತ್ರ.

ಮೊದಲ ಮಾತು ಅಷ್ಟು ಸುಲಭವಲ್ಲ. ಅದರಲ್ಲಿ ಅರ್ಧ ನಿಜ ಇದೆ. ನೋಟು ಎಣಿಸಿಕೊಳ್ಳುವುದು ಆ ಅರ್ಧ ನಿಜವನ್ನು ಇಟ್ಟುಕೊಂಡೇ.

84 ಅಂದರೆ ಡಿಸ್ಟಿಂಕ್ಷನ್ ಅಲ್ವಾ?

ಹೀಗೆ ಕೇಳಿದ್ದು ಚಿಕ್ಕಪ್ಪ. ತಪ್ಪೇನಿಲ್ಲ, ನಮಗೆಲ್ಲ ಪರ್ಸೆಂಟ್ ಅಭ್ಯಾಸವಾಗಿದೆ. ಪರ್ಸೆಂಟೈಲ್ ನಿಮ್ಮ ಅಂಕವನ್ನು ಹೇಳುವುದಿಲ್ಲ, ಸಾಲಿನಲ್ಲಿ ನೀವು ಎಲ್ಲಿ ನಿಂತಿದ್ದೀರಿ ಎಂದು ಹೇಳುತ್ತದೆ. 2024ರಲ್ಲಿ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಜನ. 84 ಪರ್ಸೆಂಟೈಲ್ ಎಂದರೆ ಅವನಿಗಿಂತ ಮುಂದೆ ಸುಮಾರು 47 ಸಾವಿರ ಜನ ಇದ್ದರು. 90ಕ್ಕೆ ಹೋದರೆ ಮುಂದೆ 29 ಸಾವಿರ, 99ಕ್ಕೆ ಹೋದರೆ ಮೂರು ಸಾವಿರಕ್ಕಿಂತ ಸ್ವಲ್ಪ ಕಡಿಮೆ.

ಆ ವರ್ಷ ಪ್ರಶ್ನೆಗಳು 68, ಒಂದಕ್ಕೆ 3 ಅಂಕ, ಒಟ್ಟು 204. ತಮ್ಮನ ಕಚ್ಚಾ ಅಂಕ 50. ಕಾಲು ಭಾಗವೂ ಇಲ್ಲ! ಕಷ್ಟದ ಪತ್ರಿಕೆಯಲ್ಲಿ ಹೀಗೇ ಆಗುವುದು. ನಡುವೆ ಜನ ಒತ್ತಾಗಿ ನಿಂತಿರುತ್ತಾರೆ, ಅಲ್ಲಿ ನಾಲ್ಕೈದು ಪ್ರಶ್ನೆ ಹೆಚ್ಚು ಸರಿಯಾದರೂ ಸಾವಿರಾರು ಜನರನ್ನು ದಾಟಬಹುದು. ಮೇಲೆ ಹೋದಂತೆ ಜನ ವಿರಳ, ಒಂದೊಂದು ಪರ್ಸೆಂಟೈಲ್‌ಗೂ ಹೆಚ್ಚು ಅಂಕ ಬೇಕು. ಹಾಗಾಗಿ "ಅವನಿಗೆ 70ರಿಂದ 85 ಆಯ್ತು, ನಿನಗೆ 84ರಿಂದ 99 ಆಗುತ್ತೆ" ಎಂಬ ಲೆಕ್ಕ ನಿಲ್ಲುವುದಿಲ್ಲ.

ಸುಮ್ಮನೆ ಇನ್ನೊಮ್ಮೆ ಬರೆದರೆ ಎಷ್ಟು ಏರಬಹುದು?

ಇದಕ್ಕೆ ಸಂಶೋಧನೆಯ ಉತ್ತರ ಇದೆ, ಕ್ಯಾಟ್ ಕುರಿತೇ ಅಲ್ಲ, ಇಂಥದ್ದೇ ಬುದ್ಧಿಶಕ್ತಿ ಅಳೆಯುವ ಪರೀಕ್ಷೆಗಳ ಕುರಿತು. 2007ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು 50 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಎರಡನೇ ಸಲ ಬರೆದವರ ಅಂಕ ನಿಜಕ್ಕೂ ಏರುತ್ತದೆ, ಆದರೆ ಏರಿಕೆ ಸಣ್ಣದು: ಸ್ಟ್ಯಾಂಡರ್ಡ್ ಡೀವಿಯೇಶನ್‌ನ ಸುಮಾರು ಕಾಲು ಭಾಗ. ನೂರು ಜನರ ಸಾಲಿನ ನಡುವೆ ನಿಂತವನು ಹತ್ತು ಜನರನ್ನು ದಾಟಿ ಮುಂದೆ ಬಂದಂತೆ ಅಂದುಕೊಳ್ಳಿ. ತರಬೇತಿಯೂ ಜೊತೆಗಿದ್ದರೆ ಏರಿಕೆ ಹೆಚ್ಚು, ಅದೇ ಪ್ರಶ್ನೆಪತ್ರಿಕೆ ಮತ್ತೆ ಬಂದರೂ ಹೆಚ್ಚು. ಕ್ಯಾಟ್‌ನಲ್ಲಿ ಅದೇ ಪತ್ರಿಕೆ ಬರುವುದಿಲ್ಲ. ಸಾಲಿನಲ್ಲಿ ನಿಮ್ಮ ಜೊತೆಗೆ ಇನ್ನೂ ಅನೇಕರು ಎರಡನೇ, ಮೂರನೇ ಸಲ ಬರೆಯುವವರೇ ಇರುತ್ತಾರೆ. ಅವರಿಗೂ ಅದೇ ಲಾಭ ಸಿಕ್ಕಿರುತ್ತದೆ.

ಇನ್ನೊಂದು ಸಂಗತಿ ಇದೆ. ಮತ್ತೆ ಬರೆಯುವವರು ಯಾರು? ಮೊದಲ ಸಲ ನಿರಾಸೆಯಾದವರು. ಅವರಲ್ಲಿ ಕೆಲವರು ನಿಜವಾಗಿ ದುರ್ಬಲರು, ಇನ್ನು ಕೆಲವರಿಗೆ ಆ ದಿನ ಜ್ವರ, ತಲೆನೋವು, ಕೆಟ್ಟ ನಿದ್ದೆ, ಕೈಕೊಟ್ಟ ಒಂದು ಸೆಟ್. ಎರಡನೇ ಗುಂಪಿನವರು ಏನೂ ಓದದೆ ಬರೆದರೂ ತಮ್ಮ ಸಹಜ ಮಟ್ಟಕ್ಕೆ ಮರಳುತ್ತಾರೆ. ಅಂಕಿಅಂಶ ಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವುದು ಎನ್ನುತ್ತಾರೆ. ಆಗ ಹೆಸರು ಬರುವುದು ನಡುವೆ ಫೀಸು ತೆಗೆದುಕೊಂಡವರಿಗೆ! ಪರ್ಸೆಂಟೈಲ್ ಇಳಿದವರ ಫೋಟೊ ಮಾತ್ರ ಯಾವ ಫ್ಲೆಕ್ಸ್‌ನಲ್ಲೂ ಇರುವುದಿಲ್ಲ.

ಅಂಕ ಕಳೆದುಹೋಗಿದ್ದು ಎಲ್ಲಿ?

ಇಷ್ಟು ತಿಳಿದ ಮೇಲೆ ಕೇಳಬೇಕಾದ ಪ್ರಶ್ನೆ ಇದೇ. ಉತ್ತರ ಹುಡುಕಲು ಹಣ ಬೇಕಿಲ್ಲ. ಕ್ಯಾಟ್ ಮುಗಿದ ಕೆಲವು ದಿನಗಳಲ್ಲಿ ನೀವು ಕೊಟ್ಟ ಉತ್ತರಗಳ ಹಾಳೆ ಮತ್ತು ಸರಿ ಉತ್ತರಗಳು ನಿಮ್ಮ ಲಾಗಿನ್‌ನಲ್ಲೇ ಸಿಗುತ್ತವೆ. ತಮ್ಮ ಅದನ್ನು ಉಳಿಸಿಕೊಂಡಿದ್ದ, ತೆರೆದು ನೋಡಿರಲಿಲ್ಲ. "ನೋಡಿದ್ರೆ ಹೊಟ್ಟೆ ಉರಿಯುತ್ತೆ ಅಕ್ಕ" ಅಂದ. ಭಾನುವಾರ ಇಬ್ಬರೂ ಕೂತು ನೋಡಿದೆವು.

ಡಾಟಾ ಮತ್ತು ಲಾಜಿಕ್ ವಿಭಾಗ. 22 ಪ್ರಶ್ನೆ, ಐದು ಸೆಟ್, 40 ನಿಮಿಷ. ಇವನು ಐದನ್ನೂ ಮುಟ್ಟಿದ್ದ. ಒಂದಕ್ಕೆ ಎಂಟು ನಿಮಿಷ, ಯಾವುದೂ ಮುಗಿದಿಲ್ಲ. 9 ಉತ್ತರ ಕೊಟ್ಟು 3 ಸರಿ, 6 ತಪ್ಪು. ತಪ್ಪಿನಲ್ಲಿ ಎರಡು ಟೈಪ್ ಮಾಡುವ ಪ್ರಶ್ನೆಗಳಾದ್ದರಿಂದ ಅವಕ್ಕೆ ನೆಗೆಟಿವ್ ಇಲ್ಲ. ಒಂಬತ್ತರಲ್ಲಿ ನಾಲ್ಕು ಕಳೆದು ಸಿಕ್ಕಿದ್ದು 5 ಅಂಕ. ಅದೇ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಮತ್ತೆ ಮಾಡಿಸಿದೆ, ಈ ಸಲ ಸುಲಭದ ಎರಡೇ ಸೆಟ್. 35 ನಿಮಿಷದಲ್ಲಿ ಎರಡೂ ಮುಗಿದು 8 ಪ್ರಶ್ನೆ ಸರಿಯಾದವು, 24 ಅಂಕ. ಒಮ್ಮೆ ನೋಡಿದ ಪತ್ರಿಕೆ ಎಂಬ ಅನುಕೂಲ ಇತ್ತು, ಒಪ್ಪಿಕೊಳ್ಳುತ್ತೇನೆ. ಆದರೂ ಅವನಿಗೆ ವಿಷಯ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಯಾವುದನ್ನು ಬಿಡಬೇಕು ಎಂಬುದು ಗೊತ್ತಿರಲಿಲ್ಲ.

ಗಣಿತದಲ್ಲೂ ಅದೇ ಕಥೆ. ಜ್ಯಾಮಿತಿಯ ಒಂದು ಪ್ರಶ್ನೆಗೆ ಅಂಟಿಕೊಂಡು ಆರು ನಿಮಿಷ ಕಳೆದನಂತೆ. ಕೊನೆಯ ನಾಲ್ಕು ಪ್ರಶ್ನೆ ಓದಲೂ ಆಗಲಿಲ್ಲ. ಅದರಲ್ಲಿ ಎರಡನ್ನು ನನ್ನ ಮುಂದೆಯೇ ಮೂರು ನಿಮಿಷದಲ್ಲಿ ಮಾಡಿದ.

ಇಂಗ್ಲಿಷ್ ವಿಭಾಗದ ಕಥೆ ಬೇರೆ. 24ಕ್ಕೆ 24 ಉತ್ತರಿಸಿ 13 ತಪ್ಪು. ಇಲ್ಲಿ ಒಂದು ಸಣ್ಣ ಲೆಕ್ಕ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ನಾಲ್ಕು ಆಯ್ಕೆಯ ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರಿಸಿದರೆ ನಾಲ್ಕರಲ್ಲಿ ಒಂದು ಸಲ 3 ಅಂಕ ಬರುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ಸರಾಸರಿ ಲಾಭ ಸೊನ್ನೆ. "ಊಹಿಸಿದರೆ ಮುಳುಗುತ್ತೀರಿ" ಎಂಬುದೂ ಸುಳ್ಳು, "ಎಲ್ಲಕ್ಕೂ ಉತ್ತರಿಸಿ ಗೆಲ್ಲಿ" ಎಂಬುದೂ ಸುಳ್ಳು. ಒಂದು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ ಮಾತ್ರ ಊಹೆಗೆ ಸಣ್ಣ ಲಾಭವಿದೆ. ಆದರೆ ಈ ವಿಭಾಗದ 16 ಪ್ರಶ್ನೆಗಳು ಉದ್ದದ ಗದ್ಯ ಓದಿ ಉತ್ತರಿಸುವಂಥವು. ಏಳನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಇದು ಎಲ್ಲಕ್ಕಿಂತ ನಿಧಾನವಾಗಿ ಸುಧಾರಿಸುವ ಭಾಗ. ಪದಗಳ ಪಟ್ಟಿ ಉರು ಹೊಡೆದರೆ ಆಗದು. ದಿನಾ ಒಂದು ಗಂಭೀರ ಲೇಖನವನ್ನು ಓದಿ, ಲೇಖಕ ಏನು ವಾದಿಸುತ್ತಿದ್ದಾನೆ ಎಂದು ಎರಡು ಸಾಲಲ್ಲಿ ಹೇಳುವ ಅಭ್ಯಾಸ ತಿಂಗಳುಗಟ್ಟಲೆ ಬೇಕು. ಇದನ್ನು ಅಕ್ಟೋಬರ್‌ನಲ್ಲಿ ಶುರು ಮಾಡಿ ಪ್ರಯೋಜನವಿಲ್ಲ.

ಓದಿದ್ದನ್ನೇ ಓದುವುದು ಏಕೆ ಸಾಲದು?

ರಿಪೀಟರ್‌ಗಳು ಸಾಮಾನ್ಯವಾಗಿ ಅದೇ ಪುಸ್ತಕವನ್ನು ಮೊದಲ ಅಧ್ಯಾಯದಿಂದ ಮತ್ತೆ ಶುರು ಮಾಡುತ್ತಾರೆ. ಶೇಕಡಾವಾರು ಒಂದು ವಾರ, ಸಮಯ ಮತ್ತು ಕೆಲಸ ಇನ್ನೊಂದು ವಾರ. ಎಲ್ಲ ಸರಾಗವಾಗಿ ಬರುತ್ತದೆ, ಖುಷಿಯೂ ಆಗುತ್ತದೆ. ಈ ಸರಾಗವೇ ಮೋಸ.

ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೋಡಿ. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಅಪರೂಪದ ಆಕಾರಗಳ ಗಾತ್ರ ಲೆಕ್ಕ ಹಾಕುವುದನ್ನು ಕಲಿಸಿದರು. ಒಂದು ಗುಂಪಿಗೆ ಒಂದೊಂದು ಆಕಾರದ ಲೆಕ್ಕಗಳನ್ನು ಒಟ್ಟಿಗೆ ಕೊಟ್ಟರು, ಇನ್ನೊಂದಕ್ಕೆ ನಾಲ್ಕನ್ನೂ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಶೇ. 89 ಸರಿ ಮಾಡಿತು, ಕಲಸಿ ಮಾಡಿದವರು ಶೇ. 60. ಒಂದು ವಾರದ ನಂತರ ಪರೀಕ್ಷೆ ಮಾಡಿದಾಗ ಎಲ್ಲ ತಿರುಗಿಬಿತ್ತು: ಮೊದಲ ಗುಂಪು ಶೇ. 20, ಕಲಸಿ ಮಾಡಿದವರು ಶೇ. 63.

ಕಾರಣ ಸರಳ. ಅಧ್ಯಾಯದ ಹೆಸರೇ ಯಾವ ಸೂತ್ರ ಹಾಕಬೇಕು ಎಂದು ಹೇಳಿಬಿಡುತ್ತದೆ. ಕ್ಯಾಟ್‌ನ ಪರದೆಯ ಮೇಲೆ ಅಧ್ಯಾಯದ ಹೆಸರು ಇರುವುದಿಲ್ಲ. ಇದು ಯಾವ ಬಗೆಯ ಲೆಕ್ಕ, ಮಾಡಲೇ ಬಿಡಲೇ ಎಂದು ಮೊದಲ ಅರ್ಧ ನಿಮಿಷದಲ್ಲಿ ತೀರ್ಮಾನಿಸುವುದೇ ಅಲ್ಲಿ ಪರೀಕ್ಷೆಯಾಗುವುದು. ತಮ್ಮ ಅಂಕ ಕಳೆದುಕೊಂಡದ್ದೂ ಆ ಅರ್ಧ ನಿಮಿಷದಲ್ಲೇ. ಕಲಸಿದ ಪ್ರಶ್ನೆಗಳು, ಗಡಿಯಾರ, ಆಮೇಲೆ ಪ್ರತಿ ಮಾಕ್ ಟೆಸ್ಟ್‌ಗೂ ಬರೆದಷ್ಟೇ ಹೊತ್ತು ಕೂತು ತಪ್ಪು ನೋಡುವುದು: ಗೊತ್ತಿರಲಿಲ್ಲವೇ, ಗೊತ್ತಿದ್ದೂ ತಪ್ಪಿತೇ, ಬಿಡಬೇಕಿತ್ತೇ? ವಾರಕ್ಕೆ ಮೂರು ಮಾಕ್ ಬರೆದು ಅಂಕ ಮಾತ್ರ ನೋಡುವುದಕ್ಕಿಂತ ಒಂದನ್ನು ಹೀಗೆ ಬಿಡಿಸಿ ನೋಡುವುದು ಮೇಲು ಎಂದು ನನ್ನ ಅಭಿಪ್ರಾಯ.

ಕೆಲಸ ಬಿಡಬೇಕೇ?

ಚಿಕ್ಕಮ್ಮನ ನಿಜವಾದ ಪ್ರಶ್ನೆ ಇದು. ಐಐಎಂ ಬೆಂಗಳೂರು ಸೇರಿದಂತೆ ಹಲವು ಸಂಸ್ಥೆಗಳು ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಅಂಕ ಮಾತ್ರ ನೋಡುವುದಿಲ್ಲ. ಹತ್ತನೆಯ ತರಗತಿ, ಪಿಯುಸಿ, ಪದವಿಯ ಅಂಕಗಳಿಗೂ ಕೆಲಸದ ಅನುಭವಕ್ಕೂ ತೂಕ ಇದೆ. ಕ್ಯಾಟ್ ಎಷ್ಟು ಸಲ ಬರೆದರೂ ಹತ್ತನೆಯ ತರಗತಿಯ ಅಂಕ ಬದಲಾಗದು. ಕೆಲಸ ಬಿಟ್ಟರೆ ಅನುಭವ ಬೆಳೆಯುವುದು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಫೀಸು ಕಟ್ಟುವ ಮೊದಲು ನಿಮಗೆ ಬೇಕಾದ ಸಂಸ್ಥೆಯ ಜಾಲತಾಣದಲ್ಲಿ ಪ್ರವೇಶ ನೀತಿ ತೆರೆದು, ನಿಮ್ಮ ಹಳೆಯ ಅಂಕಗಳನ್ನು ಹಾಕಿ ಲೆಕ್ಕ ಮಾಡಿ. ಕೆಲವರಿಗೆ 99 ಬಂದರೂ ಬಾಗಿಲು ತೆರೆಯುವುದಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. ಬೇರೆ ಕಾಲೇಜು ಹುಡುಕಲು ಆಗ ಇನ್ನೂ ಸಮಯ ಇರುತ್ತದೆ.

ದಿನಕ್ಕೆ 10 ಗಂಟೆ ಓದಲೇಬೇಕು ಎಂಬ ಮಾತಿಗೆ ತಮ್ಮನ ಉತ್ತರ ಪತ್ರಿಕೆಯಲ್ಲಿ ಆಧಾರ ಸಿಗಲಿಲ್ಲ. ಅವನು ಕಳೆದುಕೊಂಡ ಅಂಕಗಳಲ್ಲಿ ಬಹುಪಾಲು ಆಯ್ಕೆಯ ತಪ್ಪು. ಅದನ್ನು ಸರಿಪಡಿಸಲು ಬೆಳಿಗ್ಗೆ ಎರಡು ಗಂಟೆ, ಭಾನುವಾರ ಒಂದು ಮಾಕ್ ಸಾಕಾಗಬಹುದು. ಪಾಯವೇ ಇಲ್ಲದವರಿಗೆ, ಮನೆಯಲ್ಲಿ ಹಣದ ಒತ್ತಡ ಇಲ್ಲದವರಿಗೆ ಈ ಲೆಕ್ಕ ಬೇರೆ ಇರಬಹುದು.

ಚಿಕ್ಕಮ್ಮನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. "ಹಾಗಾದ್ರೆ ಆ ಮೆಸೇಜ್ ಸುಳ್ಳೋ ನಿಜಾನೋ, ಒಂದೇ ಮಾತಲ್ಲಿ ಹೇಳು" ಅಂದರು. ಅರ್ಧ ಸುಳ್ಳು ಅಂದೆ. ತಮ್ಮ ಸದ್ಯ ರಾಜೀನಾಮೆ ಪತ್ರವನ್ನು ಡ್ರಾಫ್ಟ್‌ನಲ್ಲೇ ಇಟ್ಟಿದ್ದಾನೆ. ನಾಲ್ಕು ಮಾಕ್ ಬರೆದು, ಡಾಟಾ ವಿಭಾಗದಲ್ಲಿ ಎರಡು ಸೆಟ್ ಪೂರ್ತಿ ಮುಗಿಸುವುದು ರೂಢಿಯಾಗುತ್ತದೆಯೋ ನೋಡಿ ಆಮೇಲೆ ತೀರ್ಮಾನ ಮಾಡುತ್ತಾನಂತೆ. ಮೊದಲನೆಯದು ಈ ಭಾನುವಾರ ಬೆಳಿಗ್ಗೆ.