ಬಸುರಿಯ ಅಂಗೈ ತುರಿಸಿದಾಗ

ಅಂಗೈ ತುರಿಸಿದರೆ ಹಣ ಬರುವುದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಹಳೆಯದು. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಾಗಲಿ, ರೇಷ್ಮೆ ಸೀರೆಯ ಮೊಳಕಾಲ್ಮೂರಿನಲ್ಲಾಗಲಿ ಆ ಮಾತಿಗೆ ನಗದವರು ವಿರಳ. ಆದರೆ ಏಳು ತಿಂಗಳು ತುಂಬಿದ ಬಸುರಿಯ ಅಂಗೈ ಅಂಗಾಲುಗಳು ತುರಿಸತೊಡಗಿದರೆ ಅದು ನಗುವ ಸಂಗತಿಯಲ್ಲ. ಮೈಮೇಲೆ ಗುಳ್ಳೆಯಿಲ್ಲ, ದದ್ದಿಲ್ಲ. ಹಗಲು ಹೇಗೋ ಕಳೆಯುತ್ತದೆ, ಇರುಳು ನಿದ್ರೆಯಿಲ್ಲ. ಹಿರಿಯರು ಬಿಸಿಲ ಝಳವನ್ನೋ ಕಂಬಳಿಯ ಚುಚ್ಚನ್ನೋ ದೂರಿ ಕೊಬ್ಬರಿ ಎಣ್ಣೆ ಸವರಿ ಸುಮ್ಮನಾಗುತ್ತಾರೆ.

ಬಸುರಿನಲ್ಲಿ ಹೊಟ್ಟೆಯ ಚರ್ಮ ಹಿಗ್ಗಿ ಕೆರೆಯುವುದು ಸಾಮಾನ್ಯ. ಎಲ್ಲ ತುರಿಕೆಯೂ ರೋಗವಲ್ಲ. ಆದರೆ ಕೆಲವರಲ್ಲಿ ಗರ್ಭಕಾಲದ ಹಾರ್ಮೋನುಗಳಿಂದಾಗಿ ಯಕೃತ್ತಿನ ಪಿತ್ತರಸವು ಸರಾಗವಾಗಿ ಕರುಳಿಗೆ ಹರಿಯದು. ಅದರಲ್ಲಿನ ಪಿತ್ತಾಮ್ಲಗಳು ರಕ್ತದಲ್ಲಿ ಶೇಖರವಾಗುತ್ತವೆ. ವೈದ್ಯರು ಇದನ್ನು ಗರ್ಭಕಾಲದ ಪಿತ್ತಸ್ತಂಭನವೆನ್ನುತ್ತಾರೆ.

ಗಾಳಿ, ಬೆಳಕು, ಶಾಖ ತಾಗಿದ ಶೇಂಗಾ ಎಣ್ಣೆ ಕಮಟಾಗುವುದು ಚಳ್ಳಕೆರೆಯವರಿಗೆ ತಿಳಿಯದ್ದಲ್ಲ. ಎಣ್ಣೆಯ ಕೊಬ್ಬಿನೊಡನೆ ಆಮ್ಲಜನಕ ಬೆರೆತುದರ ಫಲ ಅದು. ಜೀವಕೋಶದ ಪೊರೆಯಲ್ಲಿಯೂ ಕೊಬ್ಬಿದೆ. ಪಿತ್ತಾಮ್ಲ ಹೆಚ್ಚಿದಾಗ ಕೋಶದೊಳಗೆ ಆಮ್ಲಜನಕದ ಉಗ್ರ ಕಣಗಳು ಹುಟ್ಟಿ ಆ ಪೊರೆಯನ್ನು ಕೆಡಿಸಬಲ್ಲವು. ಅದನ್ನು ತಡೆಯುವ ದೇಹದ ಶಕ್ತಿ ಸಾಲದೆ ಹೋದಾಗ ಉಂಟಾಗುವ ಸ್ಥಿತಿಯೇ ಉತ್ಕರ್ಷಣ ಒತ್ತಡ. ಇದರ ಗುರುತುಗಳನ್ನು ಸಂಶೋಧಕರು ಇಂಥ ತಾಯಂದಿರ ರಕ್ತದಲ್ಲಿ ಕಂಡಿದ್ದಾರೆ. ಪಿತ್ತಾಮ್ಲಗಳು ಮಾಸನ್ನು ದಾಟಿ ಮಗುವನ್ನೂ ತಲುಪುತ್ತವೆ. ಅದರ ಹೃದಯದ ಬಡಿತ ತಪ್ಪಬಹುದು, ಹೆರಿಗೆ ಅವಧಿಗೆ ಮೊದಲೇ ಆಗಬಹುದು, ಮಗು ಗರ್ಭದಲ್ಲಿಯೇ ಮಲ ವಿಸರ್ಜಿಸಬಹುದು.

ಆದರೆ ಭಯಕ್ಕೂ ಒಂದು ಅಳತೆಯಿದೆ. ಅನೇಕ ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಿತ್ತಾಮ್ಲವು ಲೀಟರಿಗೆ 40 ಮೈಕ್ರೋಮೋಲ್‌ಗಿಂತ ಕಡಿಮೆಯಿದ್ದವರಲ್ಲಿ ಗರ್ಭದಲ್ಲಿ ಮಗು ತೀರಿಕೊಂಡ ಪ್ರಮಾಣ ಶೇಕಡಾ 0.13 ಮಾತ್ರ, 100 ಅಥವಾ ಅದಕ್ಕೂ ಮೇಲಿದ್ದವರಲ್ಲಿ ಶೇಕಡಾ 3.44. ಆದುದರಿಂದ ತುರಿಕೆಯ ಜೋರನ್ನಲ್ಲ, ರಕ್ತಪರೀಕ್ಷೆಯನ್ನು ನಂಬಬೇಕು. ಒಮ್ಮೆ ಸರಿಯೆಂದು ಬಂದರೂ ತುರಿಕೆ ನಿಲ್ಲದಿದ್ದಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.

ಅರ್ಸೋಡಿಆಕ್ಸಿಕೋಲಿಕ್ ಆಮ್ಲವೆಂಬ ಮಾತ್ರೆಯನ್ನು ವೈದ್ಯರು ಕೊಡುವುದುಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ನ 605 ಗರ್ಭಿಣಿಯರ ಮೇಲೆ ನಡೆದು, 2019ರಲ್ಲಿಯೇ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಮಗುವಿಗೆ ನಿರೀಕ್ಷಿಸಿದಷ್ಟು ಪ್ರಯೋಜನ ಕಾಣಲಿಲ್ಲ. ಪಿತ್ತಾಮ್ಲ ಬಹಳ ಏರಿದಾಗ ಮಗುವನ್ನು ಕಾಯುವ ಮುಖ್ಯ ಉಪಾಯ ಸಕಾಲದ ಹೆರಿಗೆ. ಅದು ಹಲವೊಮ್ಮೆ 36ನೆಯ ವಾರದ ಸುಮಾರಿಗೇ ಬೇಕಾಗುತ್ತದೆ. ಹೆರಿಗೆಯ ನಂತರ ತಾಯಿಯ ತುರಿಕೆ ಸಾಮಾನ್ಯವಾಗಿ ಬೇಗನೆ ಇಳಿಯುತ್ತದೆ. ಮುಂದಿನ ಬಸುರಿನಲ್ಲಿ ಮರಳುವ ಸಂಭವ ಮಾತ್ರ ಹೆಚ್ಚು.

ಮೊಳಕಾಲ್ಮೂರು ಜಿಲ್ಲೆಯ ಅಂಚಿನ ತಾಲ್ಲೂಕು. ಜಿಲ್ಲಾ ಆಸ್ಪತ್ರೆ ದೂರದ ಚಿತ್ರದುರ್ಗದಲ್ಲಿದೆ. ನೋವು ಬಂದ ಮೇಲೆ ವಾಹನ ಹುಡುಕುವುದಕ್ಕಿಂತ, ತುರಿಕೆ ಬಂದಾಗಲೇ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡಿನೊಡನೆ ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಲೇಸು. ಪ್ರತಿ ತಿಂಗಳ 9ನೆಯ ತಾರೀಖಿನ ಗರ್ಭಿಣಿಯರ ವಿಶೇಷ ತಪಾಸಣೆ 2016ರಿಂದ ನಡೆದುಬಂದಿದೆ. ಆದರೆ ತುರಿಕೆಗಾಗಿ ಆ ದಿನವನ್ನು ಕಾಯಬೇಕಾಗಿಲ್ಲ. ಮಗುವಿನ ಒದೆತ ಕಡಿಮೆಯಾಯಿತೆನಿಸಿದರಂತೂ ಬೆಳಗಾಗುವ ತನಕವೂ ತಡೆಯಬಾರದು.

ಬಸುರಿ ಹೆಂಗಸು ಅಂಗೈ ಉಜ್ಜಿಕೊಳ್ಳುತ್ತ ಇರುಳೆಲ್ಲ ಎದ್ದು ಕುಳಿತಿದ್ದರೆ ಮನೆಯವರು ಎಣ್ಣೆಯ ಬಟ್ಟಲಿಗೆ ಕೈ ಹಾಕುವ ಮೊದಲು, "ಎಷ್ಟು ದಿನದಿಂದ ಹೀಗಿದೆ ತಾಯಿ?" ಎಂದು ಒಂದು ಮಾತು ಕೇಳಲಿ. ಒಂದು ಜೀವ ಉಳಿಯುವುದಕ್ಕೆ ಅಷ್ಟೇ ಮೊದಲಾಗಬಹುದು.